ಸುಂದರವ್ವ ಸುಮ್ಮನಿದ್ದ ದಿನ

ಚರ್ಚಿನಲ್ಲಿ ಅವಳ ಹೆಸರು ತೆರೇಸಾ. ಸಿಂದಗಿಯ ನಮ್ಮ ಓಣಿಗೆ ಸುಂದರವ್ವ. ಅವಳ ಬಾಯಿಗೆ ಬಿಡುವೆಂಬುದೇ ಇರಲಿಲ್ಲ. ರೊಟ್ಟಿ ಬಡಿಯುತ್ತ ಒಲೆಯನ್ನು ಬೈಯುವಳು, ಹಾಲು ಹಿಂಡುತ್ತ ಎಮ್ಮೆಗೆ ಊರ ಸುದ್ದಿ ಹೇಳುವಳು. ಜಪಸರ ಹಿಡಿದಾಗಲೂ ನಡುನಡುವೆ ಬೆಕ್ಕನ್ನು ಗದರುವಳು. ಗೋಡೆಯಾಚೆಗಿದ್ದ ನಮಗೆ ಅವಳ ಮನೆಯ ಅಡುಗೆ ಏನೆಂದು ಕೇಳದೆಯೇ ಗೊತ್ತಾಗುತ್ತಿತ್ತು.

ಅಂಥವಳು ಮಗನ ವಿಷಯ ಬಂದರೆ ಮಾತ್ರ ಬಾಯಿ ಹೊಲಿದುಕೊಳ್ಳುತ್ತಿದ್ದಳು. ಮಗ ಪೌಲಪ್ಪ ದೇವಣಗಾಂವದ ಸುವರ್ಣಾ ಎಂಬ ಹಿಂದೂ ಹುಡುಗಿಯನ್ನು ಚರ್ಚಿಗೆ ಬಾರದೆ, ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾಗಿದ್ದ. "ನನ್ನ ಹೊಸ್ತಿಲ ತುಳೀಬ್ಯಾಡ್ರಿ" ಎಂದುಬಿಟ್ಟಿದ್ದಳು ಸುಂದರವ್ವ. ಅಂದಿನಿಂದ ಅವರಿಬ್ಬರೂ ದೇವಣಗಾಂವದಲ್ಲೇ ಇದ್ದರು. ಆಡಿದ ಮಾತು ಅವಳನ್ನು ಒಳಗೊಳಗೇ ಕೊರೆಯುತ್ತಿತ್ತು. ಕರೆಯಬೇಕೋ ಬೇಡವೋ, ದೇವರೇ ಹೇಳಲಿ ಎಂದು ಕಾಯುತ್ತಿದ್ದಳು.

ಒಂದು ದಿನ ಚರ್ಚಿನಲ್ಲಿ ಕೇಳಿಯೇಬಿಟ್ಟಳು: "ದೇವರು ಎಲ್ಲಾರ ಜೋಡಿ ಮಾತಾಡ್ತಾನ, ನನ್ನ ಜೋಡಿ ಯಾಕ ಮಾತಾಡವಲ್ಲರಿ ಫಾದರ್?"

ಮಂಗಳೂರು ಕಡೆಯ ಫಾದರ್ ನಕ್ಕರು. "ನೀವು ಬಿಟ್ಟರೆ ತಾನೇ ಅಮ್ಮ ಅವನು ಮಾತಾಡುವುದು? ಶುಭ ಶುಕ್ರವಾರ ಒಂದು ದಿನ ಸುಮ್ಮನಿದ್ದು ನೋಡಿ."

ಅದು ತೊಂಬತ್ತೆಂಟನೇ ಇಸವಿ. ಯೇಸುಸ್ವಾಮಿ ಶಿಲುಬೆಯ ಮೇಲೆ ಪ್ರಾಣ ಬಿಟ್ಟ ಆ ದಿನ ಚರ್ಚಿನ ಗಂಟೆಯನ್ನೂ ಬಾರಿಸುವುದಿಲ್ಲ. ಸುಂದರವ್ವ ಉಪವಾಸದ ಜೊತೆಗೆ ಮೌನವನ್ನೂ ಹಿಡಿದಳು. ಹಿಂದಿನ ದಿನವೇ ಅದನ್ನು ಓಣಿಗೆಲ್ಲ ಸಾರಿದ್ದಳು, ಅದೂ ಎರಡೆರಡು ಸಲ. ಮಾತಿಲ್ಲದ ಬೆಳಿಗ್ಗೆ ಎಮ್ಮೆ ಅರ್ಧ ಹಾಲಷ್ಟೇ ಕೊಟ್ಟಿತು.

ಮಧ್ಯಾಹ್ನದ ಉರಿಬಿಸಿಲಲ್ಲಿ ಸುವರ್ಣಾ ಬಂದಳು, ತುಂಬು ಬಸುರಿ. ಹೊಸ್ತಿಲು ದಾಟದೆ ಹೊರಗೇ ನಿಂತು ಹೇಳಿದಳು: "ಅತ್ತಿ, ನಮ್ಮವ್ವ ಇಲ್ಲ. ಚೊಚ್ಚಲ ಬಾಣಂತನಕ್ಕ ನನಗ ತವರಮನಿ ಇಲ್ರಿ. ಇಲ್ಲಿಗೆ ಬರಲೇನ್ರಿ?"

ಬಾ ಎನ್ನಲು ಸುಂದರವ್ವ ಬಾಯಿ ತೆರೆದಳು. ಆದರೆ ವ್ರತ ಮುರಿದರೆ ದೇವರು ಮುನಿದಾನೆಂಬ ಹೆದರಿಕೆ. ತುಟಿಯ ಮೇಲೆ ಬೆರಳಿಟ್ಟು ಗೋಡೆಯ ಶಿಲುಬೆಯತ್ತ ಕೈ ತೋರಿಸಿದಳು. ತಂಬಿಗೆ ನೀರು ತಂದು ಮುಂದಿಟ್ಟಳು. ಚರ್ಚಿನ ಪದ್ಧತಿ ಅರಿಯದ ಹುಡುಗಿ ಏನೆಂದುಕೊಳ್ಳಬೇಕು? 'ಬಾಯಿ ಮುಚ್ಚು, ನಮ್ಮ ದೇವರೇ ಬೇರೆ' ಎನ್ನುತ್ತಿದ್ದಾಳೆಂದು ತಿಳಿದು, ನೀರು ಮುಟ್ಟದೆ ತಿರುಗಿ ನಡೆದಳು.

ಸುಂದರವ್ವ ಶಿಲುಬೆಯ ಮುಂದೆ ಕುಳಿತು, ಈಗಲಾದರೂ ಹೇಳಪ್ಪ ಎಂದು ಕಿವಿಗೊಟ್ಟಳಂತೆ. ಮನೆಯೆಲ್ಲ ಸದ್ದಡಗಿತ್ತು. ಅವಳ ಕಿವಿಯಲ್ಲಿ ಉಳಿದದ್ದು ಒಂದೇ: 'ಅತ್ತಿ, ಬರಲೇನ್ರಿ.' ಮತ್ತೆ ಮತ್ತೆ ಅದೇ. ಹೊಸ್ತಿಲಲ್ಲಿ ತಂಬಿಗೆಯ ನೀರು ಹಾಗೆಯೇ ಇತ್ತು.

ಆಮೇಲೆ ಅವಳು ಓಡಿದ್ದನ್ನು ನಾವೆಲ್ಲ ನೋಡಿದೆವು. ಬರಿಗಾಲು, ಕೈಯಲ್ಲಿ ಅದೇ ತಂಬಿಗೆ, ನೀರು ತುಳುಕಿ ಸೀರೆ ತೊಯ್ದಿತ್ತು. ಸ್ಟ್ಯಾಂಡಿನಲ್ಲಿ ದೇವಣಗಾಂವದ ಬಸ್ಸು ಹೊರಡುವುದರಲ್ಲಿತ್ತು. ಸುಂದರವ್ವ ಕಿಟಕಿಯ ಸರಳು ಹಿಡಿದುಕೊಂಡಳು. "ಇಳಿಯವ್ವ ಸುವರ್ಣಾ. ನಾನ ನಿನ್ನ ತವರಮನಿ. ಮೊದಲ ನೀರ ಕುಡಿ."

ಸುವರ್ಣಾ ಇಳಿದಳು. ತಂಬಿಗೆಯಲ್ಲಿ ಉಳಿದಿದ್ದ ಗುಟುಕು ನೀರು ಕುಡಿದು ಅತ್ತಳು. ಸುಂದರವ್ವ ಮನೆಯ ತನಕ ಮಾತಾಡುತ್ತಲೇ ಬಂದಳು. ಅಷ್ಟು ದಿನದ ಮಾತು ಉಳಿದಿತ್ತಲ್ಲ.

ಈಸ್ಟರ್ ಪೂಜೆ ಮುಗಿದ ಮೇಲೆ ಸೊಸೆಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಒಪ್ಪಿಕೊಂಡಳು: "ವ್ರತ ಕೆಟ್ಟಿತ್ರಿ ಫಾದರ್. ಸುಮ್ಕ ಇರಾಕ ಆಗಲಿಲ್ಲ."

"ಹೋಗಲಿ ಬಿಡಿ. ದೇವರ ಧ್ವನಿ ಕೇಳಿಸಿತಾ?"

"ಕೇಳಿಸ್ತರಿ," ಎಂದಳು ಸುಂದರವ್ವ. "ನನಗ 'ಅತ್ತಿ' ಅಂದ."