ಆಸ್ಟ್ರೇಲಿಯಾದಿಂದ ಒಬ್ಬರು

ಬೆಳಗಿನ ಆರೂಕಾಲು. ಅಟ್ಲಾಂಟಿಕ್ ಕಡೆಯಿಂದ ಬೀಸುವ ಗಾಳಿಗೆ ಬೆನ್ನು ಕೊಟ್ಟು ನಿಂತು ಕೋಲ್ಮನ್ ರುವಾನ್ ಕಿಲ್‌ಗ್ಯಾರಿನ್ ಚರ್ಚಿನ ಬೀಗ ತೆಗೆಯುತ್ತಾರೆ. ಬಾಗಿಲು ಸುಮ್ಮನೆ ತೆರೆಯುವುದಿಲ್ಲ, ಮಂಡಿಯಿಂದ ಒಂದು ಗುದ್ದು ಬೇಕು. ಒಳಗೆ ಹೋದವರು ಮೊದಲು ಬಾಯ್ಲರ್ ಹೊತ್ತಿಸುತ್ತಾರೆ. ಗೋಪುರದಿಂದ ಕಾಗೆಗಳು ಬೀಳಿಸಿದ ಕಡ್ಡಿ ಗುಡಿಸಿ, ಪೀಠದ ಬಟ್ಟೆಯ ಸುಕ್ಕು ಬಿಡಿಸುತ್ತಾರೆ. ಪೂಜೆ ಇರುವುದು ಹತ್ತಕ್ಕೆ. ಇಷ್ಟು ಬೇಗ ಯಾಕೆ?

"ಕಲ್ಲಿನ ಕಟ್ಟಡ. ಬಿಸಿಯಾಗೋಕೆ ಮೂರು ಗಂಟೆ ಬೇಕು. ನಾನೂ ಅಷ್ಟೇ."

ಅರವತ್ತೊಂಬತ್ತರ ಕೋಲ್ಮನ್ ಮೇಯೊ ಜಿಲ್ಲೆಯ ಕಡಲ ತೀರದ ಈ ಚರ್ಚನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಳ್ಳುತ್ತಿದ್ದಾರೆ. ಐವರು ಪಾದ್ರಿಗಳು ಬಂದು ಹೋದರು, ಇವರು ಇದ್ದಾರೆ. ದಿನಕ್ಕೆ ಮೂರು ಸಲ ಗಂಟೆ, ಆರು ಮೇಣದ ಬತ್ತಿ, ಮೂವತ್ತೆರಡು ಬೆಂಚುಗಳ ಧೂಳು. ವಾರದ ದಿನಗಳಲ್ಲಿ ಆ ಬೆಂಚುಗಳಲ್ಲಿ ಕೂರುವವರು ಒಂಬತ್ತು ಜನ.

ನೋಡುವವರು ಅದಕ್ಕಿಂತ ಹೆಚ್ಚು. ಊರೂರು ಬಾಗಿಲು ಹಾಕಿಕೊಂಡ ಸೋಂಕಿನ ವರ್ಷ ಗೋಡೆಗೆ ಕ್ಯಾಮೆರಾ ಬಂತು. ಊರಿನ ಅರ್ಧ ಮಂದಿ ಹೊರದೇಶದಲ್ಲಿರುವುದರಿಂದ ಅಲ್ಲೇ ಉಳಿಯಿತು. ಅದನ್ನು ಶುರು ಮಾಡುವುದೂ ಕೋಲ್ಮನ್ನರೇ. ಯಾವ ದೇಶದಿಂದ ಎಷ್ಟು ಜನ ನೋಡುತ್ತಿದ್ದಾರೆಂದು ಒಳಕೋಣೆಯ ಪರದೆ ಹೇಳುತ್ತದೆ. ಇಂಗ್ಲೆಂಡ್ ಹದಿನಾಲ್ಕು. ಅಮೆರಿಕ ಆರು. ಆಸ್ಟ್ರೇಲಿಯಾ ಒಂದು.

"ಆ ಒಬ್ರು ಯಾರು ಅಂತ ನಾನು ಯಾರನ್ನೂ ಕೇಳ್ಲಿಲ್ಲ," ಎನ್ನುತ್ತಾರೆ ಕೋಲ್ಮನ್. "ಕೇಳಿ, ಅವನಲ್ಲ ಅಂದ್ಬಿಟ್ರೆ?"

'ಅವನು' ಎಂದರೆ ಮಗ ಡೆಕ್ಲನ್. ಪರ್ತ್‌ಗೆ ಹೋಗಿ ಹದಿನಾಲ್ಕು ವರ್ಷ. ಮನೆ ಕಟ್ಟುವ ಕೆಲಸ ಇಡೀ ದೇಶದಲ್ಲಿ ನಿಂತುಹೋಗಿದ್ದ ಕಾಲ. ಬಡಗಿ ಹುಡುಗ ಇನ್ನೇನು ಮಾಡಿಯಾನು? ಕೋಲ್ಮನ್‌ಗೆ ಅದು ಹಾಗೆ ಕಾಣಲಿಲ್ಲ. ಅವರ ಅಪ್ಪ ಲಂಡನ್ನಿನಲ್ಲಿ ಇಪ್ಪತ್ತೆಂಟು ವರ್ಷ ಸುರಂಗ ತೋಡಿದವರು. ಆಗಸ್ಟಿನಲ್ಲಿ ಎರಡು ವಾರ ಬಂದು ಹೋಗುವ ನೆಂಟ.

"ಅಪ್ಪ ಬಂದ್ರೆ ನಾನು ಮೇಜಿನ ಕೆಳಗೆ ಸೇರ್ಕೊತಿದ್ದೆ. ನಾಯಿಮರಿ ಕರೆಯೋ ಹಾಗೆ ಮಿಠಾಯಿ ತೋರ್ಸಿ ಕರೀತಿದ್ರು. ನಾನು ಹೊರಗೆ ಬರೋ ಹೊತ್ತಿಗೆ ಅವ್ರ ರಜಾ ಮುಗೀತಿತ್ತು. ಇದು ನನ್ನ ಮನೇಲಿ ಆಗ್ಬಾರ್ದು ಅಂದ್ಕೊಂಡಿದ್ದೆ."

ಡೆಕ್ಲನ್ ಹೊರಟ ಬೆಳಿಗ್ಗೆ ಕಾರು ಅಂಗಳದಲ್ಲಿ ನಿಂತಿತ್ತು. ಹೆಂಡತಿ ಅಟ್ರಾಕ್ಟಾ ಎರಡು ಸಲ ಕೂಗಿದರು. ಕೋಲ್ಮನ್ ಕೊಟ್ಟಿಗೆಯಲ್ಲಿ ಕರುವಿಗೆ ಹಾಲು ಕುಡಿಸುತ್ತಿದ್ದರು. "ಕರು ಹೊಟ್ಟೆ ಯಾವಾಗ್ಲೋ ತುಂಬಿತ್ತು. ಕಾರಿನ ಸದ್ದು ಅಡಗೋವರ್ಗೂ ಖಾಲಿ ಬಕೆಟ್ ಹಿಡ್ಕೊಂಡು ನಿಂತಿದ್ದೆ," ಎಂದು ಹೇಳಿ ಬೇರೆ ಕಡೆ ನೋಡುತ್ತಾರೆ.

ಆಮೇಲೆ ಅಪ್ಪ-ಮಗನ ನಡುವಿನ ಅಂಚೆಯೆಲ್ಲ ಅಟ್ರಾಕ್ಟಾ. ಆ ಸೋಂಕಿನ ವರ್ಷ ಆಕೆ ತೀರಿಕೊಂಡಾಗ ವಿಮಾನಗಳಿಲ್ಲ, ಗಡಿಗಳು ಮುಚ್ಚಿದ್ದವು. ಅಂತ್ಯಕ್ರಿಯೆಯ ಪೂಜೆಗೆ ಚರ್ಚಿನಲ್ಲಿ ಹತ್ತೇ ಜನ. ಪರದೆಯಲ್ಲಿ ಮೊದಲ ಸಲ ಆಸ್ಟ್ರೇಲಿಯಾ ಕಂಡದ್ದು ಅವತ್ತು. ಮಾರನೆಯ ದಿನವೂ ಇತ್ತು. ಆಮೇಲೆ ತಪ್ಪಿದ್ದೇ ಇಲ್ಲ.

ಅಂದಿನಿಂದ ಕೋಲ್ಮನ್ ಪೂಜೆಗೆ ಮುಂಚೆ ಇಸ್ತ್ರಿ ಮಾಡಿದ ಅಂಗಿ ಹಾಕುತ್ತಾರೆ. ಹೂ ಜೋಡಿಸುವ ಫಿಲೊಮಿನಾ ಕಣ್ಣಿಗೆ ಇದು ಬೀಳದೆ ಇರುತ್ತದೆಯೇ?

"ಕ್ಯಾಮೆರಾ ಮುಂದೆ ಬತ್ತಿ ಹಚ್ಚೋಕೆ ಇವನಿಗೆ ನಾಲ್ಕು ನಿಮಿಷ ಬೇಕು ನೋಡಿ. ದಿನಾ ಗಡ್ಡ ಬೇರೆ ಬೋಳಿಸ್ಕೊಂಡು ಬರ್ತಾನೆ, ಮದುವೆ ಗಂಡು."

"ನೀನು ನಿನ್ನ ಹೂವು ನೋಡ್ಕೊ."

ಈ ಫೆಬ್ರವರಿಯಲ್ಲಿ ಕೋಲ್ಮನ್ ಜ್ವರ ಬಂದು ಮಲಗಿದರು. ಕ್ಯಾಮೆರಾ ಶುರು ಮಾಡಿ ಬತ್ತಿ ಹಚ್ಚುವ ಕೆಲಸ ಫಿಲೊಮಿನಾಗೆ ಬಿತ್ತು. ಪೂಜೆ ಶುರುವಾಗಿ ಐದು ನಿಮಿಷ ಆಗಿಲ್ಲ, ಕೋಲ್ಮನ್ ಮನೆಯ ಫೋನು ಬಡಿದುಕೊಂಡಿತು.

"ಬತ್ತಿ ಫಿಲೊಮಿನಾ ಯಾಕೆ ಹಚ್ಚಿದ್ಲು?" ಹಲೋ ಇಲ್ಲ, ಹೆಸರು ಇಲ್ಲ.

"ಸ್ವಲ್ಪ ಜ್ವರ."

"ಡಾಕ್ಟರ್ ಹತ್ರ ಹೋದ್ಯಾ, ಅಪ್ಪ?"

"ಇಲ್ಲ."

"ಹೋಗು."

"ಹೋಗ್ತೀನಿ. ಅಲ್ಲಿ ಮಳೆ ಹೆಂಗೆ?"

"ಎಲ್ಲಿ ಮಳೆ. ನಲವತ್ತು ಡಿಗ್ರಿ ಸುಡ್ತಿದೆ."

ಹನ್ನೊಂದು ನಿಮಿಷದ ಮಾತಿನಲ್ಲಿ ಒಂಬತ್ತು ನಿಮಿಷ ಮಳೆ ಬಿಸಿಲಿನ ವಿಚಾರ. ತಪ್ಪಾಯ್ತು ಎಂದು ಇಬ್ಬರೂ ಅನ್ನಲಿಲ್ಲ. "ನಮ್ಮೂರ ಗಂಡಸರು ಆಸ್ಟ್ರೇಲಿಯಾದವರೆಗೆ ಹೋಗ್ತಾರೆ, ಅಷ್ಟು ದೂರ ಹೋಗಲ್ಲ," ಎನ್ನುತ್ತಾರೆ ಫಿಲೊಮಿನಾ.

ಈಗ ಪ್ರತಿ ಭಾನುವಾರ ಫೋನು ಬರುತ್ತದೆ. ಜುಲೈನಲ್ಲಿ ಡೆಕ್ಲನ್ ಮೂರು ವಾರಕ್ಕೆ ಬರುತ್ತಿದ್ದಾನೆ, ಏಳು ವರ್ಷದ ಮಗ ಟೀಗ್‌ನನ್ನೂ ಕರೆದುಕೊಂಡು. ಮೊಮ್ಮಗನಿಗೆ ಅಂತ ಕೋಲ್ಮನ್ ಹಿಂದಿನ ಕೋಣೆಗೆ ಸುಣ್ಣ ಹೊಡೆದಿದ್ದಾರೆ. ಹಾಸಿಗೆ ತೇವ ಹಿಡಿಯಬಾರದೆಂದು ಈಗಿನಿಂದಲೇ ದಿನ ಬಿಟ್ಟು ದಿನ ಅಲ್ಲಿನ ಅಗ್ಗಿಷ್ಟಿಕೆಗೆ ಬೆಂಕಿ ಹಾಕುತ್ತಿದ್ದಾರೆ.

ಇಲ್ಲೇ ಇದ್ದುಬಿಡು ಅಂತ ಮಗನನ್ನು ಕೇಳುತ್ತೀರಾ ಎಂದರೆ ಇಲ್ಲವೆಂದು ತಲೆ ಅಲ್ಲಾಡಿಸುತ್ತಾರೆ.

"ಅವನ ಮನೆ ಈಗ ಅಲ್ಲಿ. ಎಲ್ರೂ ಅವನು ಬರೋ ದಿನದ ಮಾತಾಡ್ತಾರೆ. ನಂಗೆ ಬೇಕಾಗಿರೋದು ಅವನು ಹೊರಡೋ ದಿನ. ಅವತ್ತು ಅವನ ಪೆಟ್ಟಿಗೆ ನಾನೇ ಎತ್ತಿ ಕಾರಲ್ಲಿ ಇಡ್ಬೇಕು. ಮುಖ ನೋಡಿ, ಹೋಗಿ ಬಾ ಮಗಾ ಅನ್ಬೇಕು. ಅಷ್ಟು ಹೇಳೋಕೆ ಬಂದ್ರೆ ಸಾಕು."