ಡಬ್ಬಿ ಮೇಷ್ಟ್ರ ಉಗ್ರಾಣ

ನಮ್ಮ ಪಕ್ಕದ ಮನೆಯ ಮೇಷ್ಟ್ರನ್ನು ಬೀದಿಯವರೆಲ್ಲ ಡಬ್ಬಿ ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಮಾರ್ಮನ್ ಎಂಬ ಕ್ರೈಸ್ತ ಸಭೆಯವರು. ಕಷ್ಟಕಾಲಕ್ಕೆಂದು ದಿನಸಿ ಕೂಡಿಡುವುದು ಆ ಸಭೆಯ ರೂಢಿ. ಇವರ ಉಗ್ರಾಣದಲ್ಲಂತೂ ಪ್ರಳಯವಾಗಿ ನೀರಿಳಿದ ಮೇಲೂ ಮನೆಮಂದಿ ಕೂತು ಉಣ್ಣುವಷ್ಟು ಡಬ್ಬಿಗಳು, ಒಂದೊಂದಕ್ಕೂ ಕೆಂಪು ಶಾಯಿಯಲ್ಲಿ ತಂದ ತಾರೀಖು ಬರೆದ ಚೀಟಿ. ಸೋಮವಾರ ಸಂಜೆ ಮನೆಯವರೆಲ್ಲ ಕೂಡಿ ಪ್ರಾರ್ಥಿಸಬೇಕು. ಮಕ್ಕಳಲ್ಲಿ ಒಬ್ಬರು ತಡಮಾಡಿದರೂ ಮೇಷ್ಟ್ರು ಗಡಿಯಾರದ ಕೆಳಗೆ ನಿಂತುಬಿಡುತ್ತಿದ್ದರು, ಉಳಿದವರು ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಕಾಫಿ ಅವರಿಗೆ ನಿಷಿದ್ಧ. ನಾನು ಲೋಟ ಹಿಡಿದು ಕಾಂಪೌಂಡಿನ ಬಳಿ ನಿಂತರೆ ಅವರ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಅಂಥ ಒಂದು ಸೋಮವಾರ ದೊಡ್ಡ ಮಗ, "ನಾನು ಕಾಫಿ ಕುಡೀತೀನಪ್ಪ, ಸಭೆಗೂ ಇನ್ನು ಬರಲ್ಲ" ಎಂದ. "ಹಾಗಾದ್ರೆ ಈ ಮನೆಗೂ ಬರಬೇಡ" ಎಂದರು. ಅವನು ಹೋದ. ಆಮೇಲೆ ವರ್ಷಕ್ಕೊಮ್ಮೆ ಮೇಷ್ಟ್ರು ನನ್ನ ಕೈಗೆ ಚೀಟಿ ಕಿತ್ತ, ಸೀಲು ಒಡೆಯದ ಕಾಫಿಪುಡಿ ಡಬ್ಬಿಯೊಂದನ್ನು ತುರುಕಿ, "ಅವಧಿ ಮುಗೀತಾ ಬಂತು, ನೀವೇ ಕುಡಿದುಬಿಡಿ" ಎನ್ನುತ್ತಿದ್ದರು. "ಇದು ನಿಮ್ಮನೇಲಿ ಯಾಕಿತ್ತು ಮೇಷ್ಟ್ರೇ?" ಎಂದರೆ ಮುಖ ಗಂಟಿಕ್ಕಿಕೊಂಡು ಹೊರಟುಬಿಡುತ್ತಿದ್ದರು. ಮೊನ್ನೆ ಅವರನ್ನು ಮಣ್ಣು ಮಾಡಿ ಬಂದಾಗ, ಹನ್ನೊಂದು ವರ್ಷದ ಮೇಲೆ ಬಂದ ದೊಡ್ಡ ಮಗ ಹೊಸ್ತಿಲಾಚೆಯೇ ನಿಂತ. ತಮ್ಮಂದಿರು ತಲೆ ಎತ್ತಲಿಲ್ಲ. ತಾಯಿ ಮಾತ್ರ, "ಉಗ್ರಾಣದಿಂದ ಸಕ್ಕರೆ ತಗೊಂಡು ಬಾಪ್ಪಾ" ಎಂದರು. ಅವನ ಹಿಂದೆಯೇ ನಾನೂ ಹೋದೆ. ಸಕ್ಕರೆಯ ಪಕ್ಕದಲ್ಲೇ ಹೊಸ ಕಾಫಿಪುಡಿ ಡಬ್ಬಿಯಿತ್ತು. ಚೀಟಿಯಲ್ಲಿ ಹೋದ ತಿಂಗಳ ತಾರೀಖು, ಅದರ ಕೆಳಗೆ ಅದೇ ಕೆಂಪು ಶಾಯಿಯಲ್ಲಿ, "ದೊಡ್ಡವನಿಗೆ, ಬಂದಾಗ."