ಮುಸುಕು ತೆಗೆಯಬೇಕಾದ ಅಳಿಯ

ಆನೌಗೆ ಅರವತ್ತೆರಡು ವರ್ಷ. ಟಾರೆಸ್ ಜಲಸಂಧಿಯ ಗಾಬೈ ದ್ವೀಪದಲ್ಲಿ ಏಡಿ ಹಿಡಿದು ಬದುಕುವವನು. ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಕಾಡಿನ ಕಾಲುವೆಗಳೆಲ್ಲ ಅವನಿಗೆ ಮನೆಯ ಹಿತ್ತಲಿನಷ್ಟೇ ಗೊತ್ತು. ಅಕ್ಕ ಡೋರ್ಕಸಳನ್ನು ಎದುರು ದಡದ ಪಪುವಾ ಊರಿಗೆ ಕೊಟ್ಟಿತ್ತು. ದೋಣಿಯಲ್ಲಿ ಇಪ್ಪತ್ತು ನಿಮಿಷದ ದಾರಿ, ಆದರೆ ಬೇರೆ ದೇಶ.

ಹೋದ ವರ್ಷ ದ್ವೀಪದ ಕಡೆಯ ಪೊಲೀಸರೂ ಎದುರು ದೇಶದ ಪೊಲೀಸರೂ ಕೂಡಿ ಗಡಿ ಕಾಯುತ್ತೇವೆಂದು ಒಪ್ಪಂದ ಮಾಡಿಕೊಂಡರು. ಶಾಲೆಯ ಬಯಲಲ್ಲಿ ಶಾಮಿಯಾನ ಎದ್ದಿತು, ಎರಡು ಬಾವುಟಗಳ ಕೇಕು ಕತ್ತರಿಸಿದರು. ಅಣ್ಣತಮ್ಮಂದಿರು ನಾವು ಎಂಬ ಭಾಷಣ ಕೇಳಿ ಕೇಳಿ ವಾಕರಿಕೆ ಬರಬೇಕು. ಬಂದೂಕು ಸಾಗಿಸುವವರನ್ನು ಹಿಡಿಯಬೇಕು, ಒಳಗಿನ ಕಾಲುವೆ ತೋರಿಸು ಎಂದರು. ಆನೌ ತೋರಿಸಿದ. ಅವರು ಕೊಟ್ಟ ನೀಲಿ ಟೊಪ್ಪಿಗೆ ಹಾಕಿಕೊಂಡು ಮೂರು ದಿನ ಊರೆಲ್ಲ ಮೆರೆದ ಕೂಡ, ನಾಚಿಕೆಗೆಟ್ಟವನು.

ಈ ಮೇ ತಿಂಗಳಲ್ಲಿ ಅವನ ಅಮ್ಮನ ಸಮಾಧಿಕಲ್ಲಿನ ಹಬ್ಬ, ಹೊಸ ಕಲ್ಲಿಗೆ ಹೊದಿಸಿದ ಬಟ್ಟೆ ತೆಗೆದು ನೆಂಟರಿಗೆಲ್ಲ ಊಟ ಹಾಕುವ ದಿನ. ಅಲ್ಲಿನ ಪದ್ಧತಿಯಲ್ಲಿ ಸತ್ತವರ ಕೆಲಸಕ್ಕೆ ಸ್ವಂತ ಗಂಡುಮಕ್ಕಳು ಕೈ ಹಚ್ಚುವಂತಿಲ್ಲ. ಗುಂಡಿ ತೋಡುವುದರಿಂದ ಹಿಡಿದು ಕಲ್ಲಿನ ಮೇಲಿನ ಮುಸುಕು ತೆಗೆಯುವವರೆಗೆ ಎಲ್ಲವೂ ಅಳಿಯನದು. ಆ ಮನೆಗೆ ಇದ್ದವನು ಒಬ್ಬನೇ ಅಳಿಯ, ಡೋರ್ಕಸಳ ಗಂಡ ಗಾಮಿಯ. ಅವನು ಗಡಿ ದಾಟಲು ಬೇಕಾದ ಚೀಟಿಯನ್ನು ಆನೌ ಪೊಲೀಸರ ಹತ್ತಿರ ಬರೆಸುವಾಗ ಹಬ್ಬ ಶನಿವಾರ ಎಂದಷ್ಟೇ ಹೇಳಿದ್ದ, ಚೀಟಿಯೂ ಶನಿವಾರಕ್ಕೇ ಆಯಿತು. ಅಳಿಯನಾದವನು ಹಿಂದಿನ ದಿನವೇ ಬಂದು ಒಲೆ ಹೂಡುತ್ತಾನೆ, ಅದನ್ನೂ ಬಾಯಿಬಿಟ್ಟು ಹೇಳಬೇಕೆಂದು ಅವನಿಗೆ ಹೊಳೆಯಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಗಾಮಿಯ ಮೂವತ್ತು ವರ್ಷದಿಂದ ಬರುತ್ತಿದ್ದ ಕಾಲುವೆಯಲ್ಲೇ ಬಂದ. ಜಂಟಿ ಪಹರೆಯ ದೋಣಿ ಅಲ್ಲೇ ಹೊಂಚು ಹಾಕಿತ್ತು. ವರ್ಷವಿಡೀ ಒಂದು ಬಂದೂಕನ್ನೂ ಹಿಡಿಯದ ವೀರರು ಅಂದು ಒಂದು ಮೂಟೆ ಕೆಸುವಿನ ಗೆಡ್ಡೆ, ನಾಲ್ಕು ಚಾಪೆ, ಒಬ್ಬ ಮುದುಕನನ್ನು ಹಿಡಿದರು. ಚೀಟಿ ನಾಳೆಯದು ಎಂದು ಹಿಂದಕ್ಕೆ ಅಟ್ಟಿ, ಮೂರು ತಿಂಗಳು ಈ ಕಡೆ ತಲೆ ಹಾಕಬಾರದೆಂದರು. ಇಂಥವರಿಗೆ ಪದಕ ಬೇರೆ ಕೊಡುತ್ತಾರೆ.

ಶನಿವಾರ ಇನ್ನೂರು ಜನ ನೆಂಟರು ಬಂದು ಕೂತಿದ್ದರು. ಮೀನು ಬೇಯಿಸುವವರಿಲ್ಲದೆ ಹಾಗೇ ಬಿದ್ದಿತ್ತು. ಪಹರೆಯ ಸಾರ್ಜೆಂಟ್ ಎದುರು ದೇಶದ ಜೊತೆಗಾರನನ್ನು ಕರೆದುಕೊಂಡು ನಗುನಗುತ್ತಾ ಬಂದ.

"ಅಳಿಯ ಇಲ್ದಿದ್ರೇನಂತೆ ಯಜಮಾನ್ರೇ, ನಾವಿಬ್ರೂ ಸೇರಿ ಮುಸುಕು ತೆಗೀತೀವಿ. ಎರಡು ದೇಶದ ಫೋಟೋ, ಪೇಪರ್‌ನಲ್ಲಿ ಚೆನ್ನಾಗ್ ಬರತ್ತೆ."

ಆನೌ ಅವರ ಬೂಟಿನ ಮುಂದೆ ಉಗಿದ.

"ಮುಟ್ಟಿ ನೋಡಿ. ನಮ್ಮಮ್ಮನ ಕಲ್ಲು ನಿಮ್ಮ ಕೇಕಲ್ಲ."

ಅವರು ಹೋದರು. ನೆಂಟರೂ ಉಪವಾಸದಲ್ಲೇ ಒಬ್ಬೊಬ್ಬರಾಗಿ ಎದ್ದು ಹೋದರು. ಸಂಜೆ ಅಕ್ಕನ ಫೋನು ಬಂತು.

"ನಿಮ್ ಭಾವ ಅನ್ನ ಮುಟ್ಟಿಲ್ಲ ಕಣೋ. ನಮ್ಮತ್ತೆ ಕಲ್ಲು ಹಂಗೇ ಬಿಟ್ಟು ಬಂದೆ ಅಂತ ಗೋಡೆ ಕಡೆ ತಿರುಗಿ ಮಲಗವ್ರೆ. ಆ ಕಾಲುವೆ ನಮ್ಮವರನ್ನ ಬಿಟ್ಟು ಯಾರಿಗೂ ಗೊತ್ತಿರ್ಲಿಲ್ಲ. ಪೊಲೀಸರಿಗೆ ಯಾವ ಹಲ್ಕಾ ನನ್ಮಗ ತೋರ್ಸಿದ್ದು?"

ಸುಳ್ಳು ಹೇಳಬಹುದಿತ್ತು. ಅವನಿಗೆ ತನ್ನ ಮೇಲೆಯೇ ಹೇಸಿಗೆ ಉಕ್ಕಿ ಬಂತು.

"ನಾನೇ ಅಕ್ಕ."

ಅವಳು ಮೆಲ್ಲಗೆ ಹೇಳಿದಳು:

"ಹಂಗಾದ್ರೆ ಮುಸುಕೂ ನೀನೇ ತೆಗಿ. ನಿಂಗೆ ಈ ದಡದಲ್ಲಿ ಭಾವನೂ ಇಲ್ಲ, ಅಕ್ಕನೂ ಇಲ್ಲ."